ತೀರ್ವೆಯಿಂದ ಇಎಂಐವರೆಗೆ: ನಮ್ಮೂರಿನ ಸಾಲದ ಮಾತುಗಳ ಚರಿತ್ರೆ

"ಲೋನಿನ ಡ್ಯೂ ಬಾಕಿ ಉಂಟು, ಬಡ್ಡಿ ಸೇರಿಸಿ ಕಟ್ಟಿ, ರಶೀದಿ ತಕೊಳ್ಳಿ."

ಪುತ್ತೂರು, ಸುಳ್ಯ, ಕಡಬದ ಯಾವ ಸೊಸೈಟಿಯ ಕೌಂಟರಿನಲ್ಲಿ ನಿಂತರೂ ಇಂಥದ್ದೊಂದು ಮಾತು ಕಿವಿಗೆ ಬೀಳುತ್ತದೆ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ ಯಾವುದನ್ನೇ ಮಾತಾಡುವವರಾದರೂ ಈ ವಾಕ್ಯ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇದರ ಒಂದೊಂದು ಪದವೂ ಒಂದೊಂದು ಊರಿನಿಂದ ಬಂದದ್ದು. 'ಲೋನ್' ಇಂಗ್ಲಿಷಿನದು, ಇಂಗ್ಲಿಷಿಗೂ ಅದು ಬಂದದ್ದು ಉತ್ತರ ಯುರೋಪಿನ ನಾರ್ಸ್ ಜನರ ಮಾತಿನಿಂದ. 'ಡ್ಯೂ' ಲ್ಯಾಟಿನ್‌ನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. 'ಬಾಕಿ' ಅರಬ್ಬಿ. 'ಬಡ್ಡಿ' ಸಂಸ್ಕೃತದ 'ವೃದ್ಧಿ' ಪ್ರಾಕೃತದ ದಾರಿಯಲ್ಲಿ ಸವೆದು ಆದ ಮಾತು. 'ರಶೀದಿ' ಪಾರಸಿ, 'ತಲುಪಿತು' ಎಂದು ಅದರ ಅರ್ಥ. 'ಕಟ್ಟು' ಅಪ್ಪಟ ಕನ್ನಡ.

ಇದು ಬರೇ ಪದಗಳ ಆಟವಲ್ಲ. ಸಾಲದ ಮಾತು ಬದಲಾದಾಗಲೆಲ್ಲ ಸಾಲ ಕೊಡುವವನೂ ಬದಲಾಗಿದ್ದಾನೆ, ಸಾಲ ತೀರಿಸುವ ಕ್ರಮವೂ ಬದಲಾಗಿದೆ. ಪದ ಅರ್ಥವಾಗದೆ ಸೈನು ಹಾಕಿದವರು ಪ್ರತಿ ಕಾಲದಲ್ಲೂ ಪೆಟ್ಟು ತಿಂದಿದ್ದಾರೆ. ಹಾಗಾಗಿ ನಮ್ಮ ಮೂರು ತಾಲೂಕುಗಳ ಚರಿತ್ರೆಯನ್ನು ಈ ಬಾರಿ ರಾಜರ ಹೆಸರು ಹಿಡಿದು ಹೇಳದೆ, ಸಾಲದ ಮಾತು ಹಿಡಿದು ಹೇಳುತ್ತೇವೆ.

ಕಟ್ಟುವುದು, ತೀರಿಸುವುದು, ತೆರುವುದು

ಮೊದಲು ನಮ್ಮ ಸ್ವಂತದ ಮಾತುಗಳನ್ನು ನೋಡೋಣ. ನಾವು ಕಂತು 'ಕಟ್ಟುತ್ತೇವೆ'. ಹಗ್ಗದಿಂದ ದನ ಕಟ್ಟುವುದೂ ಅದೇ ಮಾತು. ದೇವರಿಗೆ ಹೇಳಿಕೊಂಡು ಬಟ್ಟೆಯಲ್ಲಿ ನಾಣ್ಯ ಕಟ್ಟಿಡುವ ಮುಡಿಪೂ ಕಟ್ಟುವ ಬಗೆಯದ್ದೇ. ಇಂಗ್ಲಿಷಿನ 'ಬಾಂಡ್' ಎಂಬ ಮಾತಿಗೂ ಮೂಲದಲ್ಲಿ ಕಟ್ಟು ಎಂದೇ ಅರ್ಥ. ಹೊಣೆಗಾರಿಕೆಗೆ ಅವರು ಹೇಳುವ 'ಆಬ್ಲಿಗೇಶನ್' ಕೂಡ ಲ್ಯಾಟಿನ್ನಿನ 'ಬಿಗಿ, ಕಟ್ಟು' ಎಂಬ ಪದದಿಂದ ಹುಟ್ಟಿದ್ದು. ಸಾವಿರಾರು ಮೈಲು ದೂರದ ಎರಡು ಜನಕ್ಕೆ ಸಾಲ ಎಂದಾಗ ನೆನಪಾದದ್ದು ಹಗ್ಗವೇ.

ನಾವು ಸಾಲ 'ತೀರಿಸುತ್ತೇವೆ', ಹರಕೆಯನ್ನೂ ತೀರಿಸುತ್ತೇವೆ. ಸುಬ್ರಹ್ಮಣ್ಯಕ್ಕೆ ಬರುವವರು ಹೆಚ್ಚಿನವರು ಹರಕೆ ತೀರಿಸಲಿಕ್ಕೆ ಬಂದವರೇ. ತೀರುವುದು ಎಂದರೆ ಮುಗಿಯುವುದು. ನಮ್ಮ ಜಿಲ್ಲೆಯಲ್ಲಿ ಭೂಕಂದಾಯಕ್ಕೆ ಇವತ್ತಿಗೂ 'ತೀರ್ವೆ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಕಂಪೆನಿಗಳ ಬೋರ್ಡಿನ ಮೇಲೆ ಕಾಣುವ 'ಫೈನಾನ್ಸ್' ಎಂಬ ಮಾತಿನ ಹುಟ್ಟೂ ಹೀಗೆಯೇ. ಫ್ರೆಂಚಿನಲ್ಲಿ ಅದು 'ಮುಗಿಸುವುದು, ಬಾಕಿ ತೀರಿಸುವುದು' ಎಂಬ ಪದವಾಗಿತ್ತು. ಸಾಲ ಮುಗಿಸುವ ಮಾತು ಸಾಲ ಕೊಡುವ ಅಂಗಡಿಯ ಹೆಸರಾದದ್ದು ಆಮೇಲಿನ ಕಥೆ.

'ತೆರು' ಎಂಬುದು ಹಣ ಕೊಡುವುದಕ್ಕೆ ಕನ್ನಡದ ಹಳೆಯ ಕ್ರಿಯಾಪದ. ಈಗ ಅದು 'ತೆರಿಗೆ'ಯಲ್ಲಿ, 'ಬೆಲೆ ತೆತ್ತ' ಎಂಬಲ್ಲಿ ಮಾತ್ರ ಉಳಿದಿದೆ. ಇಂಗ್ಲಿಷಿನ 'ಪೇ' ಎಂಬ ಮಾತು 'ಸಮಾಧಾನಪಡಿಸು' ಎಂಬ ಲ್ಯಾಟಿನ್ ಪದದಿಂದ ಬಂತು, ಶಾಂತಿಗೆ ಹೇಳುವ 'ಪೀಸ್' ಅದರದ್ದೇ ಕುಲ. ಕೊಡಬೇಕಾದವನಿಗೆ ಕೊಟ್ಟು ಅವನ ಸಿಟ್ಟು ಇಳಿಸುವುದೇ ಪಾವತಿ ಎಂದು ಅವರ ಅಜ್ಜಂದಿರು ತಿಳಿದಿದ್ದರು.

ಬಡ್ಡಿಯ ಮಾತು ಸ್ವಲ್ಪ ಬೇರೆ. 'ಬಡ್ಡಿ' ಎಂದರೆ ಬೆಳೆಯುವುದು. ತುಳುವಿನ 'ಪೊಲಿ'ಗೂ ಹೆಚ್ಚಳ, ಸಮೃದ್ಧಿ ಎಂದು ಅರ್ಥ, ಧಾನ್ಯದ ರೂಪದಲ್ಲಿ ಕೊಡುವ ಬಡ್ಡಿಗೂ ಅದೇ ಹೆಸರು. ಬಿತ್ತಿದ ಭತ್ತ ಹೆಚ್ಚಾಗುವಂತೆ ಕೊಟ್ಟ ಭತ್ತವೂ ಹೆಚ್ಚಾಗಿ ಬರಬೇಕು ಎಂಬುದು ಕೃಷಿಕರ ಲೆಕ್ಕ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ ಚರ್ಚು ಬಡ್ಡಿಯನ್ನು ಪಾಪವೆಂದು ನಿಷೇಧಿಸಿತ್ತು. ಹಾಗಾಗಿ ಸಾಲಿಗ ಹೇಳಿದ ದಿನ ಕೊಡದೆ ನಷ್ಟವಾಯಿತು, ಆ ನಷ್ಟಕ್ಕೆ ಪರಿಹಾರ ಕೊಡಿ ಎಂದು ಕೇಳುವ ದಾರಿ ಹುಡುಕಿದರು. ಆ ಪರಿಹಾರದ ಹೆಸರು 'ಇಂಟರೆಸ್ಟ್'. ನಮ್ಮದು ಬೆಳೆಯ ಮಾತು, ಅವರದು ನಷ್ಟದ ಮಾತು. ಈಗ ಎರಡೂ ಒಂದೇ ಪಾಸ್ ಪುಸ್ತಕದಲ್ಲಿ ಕೂತಿವೆ.

ಮುಡಿ ಅಕ್ಕಿಯ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ದೊಡ್ಡ ಋಣ ಬ್ಯಾಂಕಿನದಾಗಿರಲಿಲ್ಲ, ಧಣಿಯದಾಗಿತ್ತು. ಅದರ ಹೆಸರು ಗೇಣಿ. ಗೇಣಿಯಲ್ಲಿ ಬಗೆಗಳಿದ್ದವು. ತಲೆಮಾರಿನಿಂದ ತಲೆಮಾರಿಗೆ ಹೋಗುವ, ಗೇಣಿಯ ಮೊತ್ತ ಬದಲಾಗದ ಹಿಡುವಳಿ ಮೂಲಗೇಣಿ. ಧಣಿ ಬೇಡವೆಂದರೆ ಬಿಡಬೇಕಾದದ್ದು ಚಾಲಗೇಣಿ. ಇಂತಿಷ್ಟು ವರ್ಷವೆಂದು ಗೊತ್ತು ಮಾಡಿದ್ದು ವಾಯಿದೆ ಗೇಣಿ. ಒಂದೇ ಗದ್ದೆ, ಒಂದೇ ನೇಗಿಲು. ಆದರೆ ಚೀಟಿಯಲ್ಲಿ 'ಮೂಲ' ಎಂದಿದೆಯೋ 'ಚಾಲ' ಎಂದಿದೆಯೋ ಎಂಬುದರ ಮೇಲೆ ಒಂದು ಸಂಸಾರ ಆ ಮನೆಯಲ್ಲಿ ಉಳಿಯುವುದೋ ಏಳುವುದೋ ನಿರ್ಧಾರವಾಗುತ್ತಿತ್ತು.

ಗೇಣಿಯ ಲೆಕ್ಕ ಮುಡಿಯಲ್ಲಿ. ಬೈಹುಲ್ಲಿನ ಹಗ್ಗ ಸುತ್ತಿ ಬಿಗಿದ ಒಂದು ಅಕ್ಕಿ ಮುಡಿ ಎಂದರೆ 42 ಸೇರು, ಹದಿನಾಲ್ಕು ಸೇರಿನ ಕಳಸೆಯಲ್ಲಿ ಮೂರು ಕಳಸೆ. ಭೂಮಿಯ ಯಜಮಾನನನ್ನು ವರ್ಗದಾರ ಎನ್ನುತ್ತಿದ್ದರು. ಈಗಲೂ ನಾವು 'ವರ್ಗ ಜಾಗ' ಎನ್ನುತ್ತೇವಲ್ಲ, ಆ 'ವರ್ಗ' ಅರಬ್ಬಿಯಲ್ಲಿ ಎಲೆ, ಹಾಳೆ ಎಂಬ ಅರ್ಥದ ಪದ. ಸರಕಾರದ ಲೆಕ್ಕಪುಸ್ತಕದಲ್ಲಿ ಯಾರ ಹೆಸರಿಗೆ ಒಂದು ಹಾಳೆ ಇತ್ತೋ ಅವನು ವರ್ಗದಾರ. ಕೊನೆಗೆ ಹಾಳೆಯ ಹೆಸರೇ ಜಾಗದ ಹೆಸರಾಯಿತು.

ಇಂಗ್ಲಿಷಿನ ಚರಿತ್ರೆಯಲ್ಲೂ ಇಂಥದ್ದೊಂದಿದೆ. 'ಫಾರ್ಮ್' ಎಂದರೆ ಇವತ್ತು ತೋಟ, 'ಫಾರ್ಮರ್' ಎಂದರೆ ಕೃಷಿಕ. ಆದರೆ ಮೊದಲು 'ಫಾರ್ಮ್' ಎಂಬುದಕ್ಕೆ ಗೊತ್ತುಮಾಡಿದ ಗೇಣಿ ಎಂದು ಅರ್ಥವಿತ್ತು. ಗೇಣಿಯಿಂದ ಆ ಹೆಸರು ಗೇಣಿಗೆ ಕೊಟ್ಟ ಭೂಮಿಗೆ ಹೋಯಿತು, ಆಮೇಲೆ ಅದನ್ನು ಉಳುವವನಿಗೆ ಹೋಯಿತು. ಅಂದರೆ 'ಫಾರ್ಮರ್' ಎಂಬ ಪದದ ಹೊಟ್ಟೆಯೊಳಗೆ ಕೂತವನು ನಮ್ಮ ಗೇಣಿ ಒಕ್ಕಲೇ.

ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಟಿಪ್ಪು ಮಡಿದ ಮೇಲೆ, 1800–1801ರಲ್ಲಿ ಕಂಪೆನಿಯ ಪರವಾಗಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಕೆಲಸದವರಲ್ಲಿ ಎರಡು ಬಗೆಯನ್ನು ಬರೆದಿಟ್ಟಿದ್ದಾನೆ: ಕೂಲಿಯಾಳು ಮತ್ತು ಮೂಲದಾಳು. ಕೂಲಿಯಾಳು ಸಂಬಳಕ್ಕೆ ದುಡಿಯುವವನು, ಮೂಲದಾಳು ಕೊಂಡುಕೊಂಡ ಆಳು. ಧಣಿಗೆ 'ಮೂಲ' ಎಂಬ ಪದ ಆಸ್ತಿಯ ಭದ್ರತೆ, ಒಕ್ಕಲಿಗೆ ಅದೇ ಪದ ಮನೆಯ ಭದ್ರತೆ, ಆಳಿಗೆ ಮಾತ್ರ ಅದು ಬಿಡಿಸಲಾಗದ ಸಂಕೋಲೆ. ಪದ ಒಂದೇ, ನಿಂತ ಜಾಗ ಬೇರೆ.

1837: ಭತ್ತ ಬೇಡ, ರೊಕ್ಕ ಕೊಡಿ

ಪಾವತಿಯ ಕ್ರಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಪಾಠ ನಮ್ಮ ಸುಳ್ಯದಲ್ಲೇ ನಡೆದಿದೆ.

ಅಮರ ಸುಳ್ಯ ಮಾಗಣೆ, ಪಂಜ, ಬೆಳ್ಳಾರೆ ಕಡೆಗಳು ಕೊಡಗಿನ ಅರಸರ ಕೈಕೆಳಗಿದ್ದವು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡುವ ಕ್ರಮವಿತ್ತು. 1834ರಲ್ಲಿ ಕಂಪೆನಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಘಟ್ಟದ ಕೆಳಗಿನ ಈ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಕೆನರಾದ ಕ್ರಮದಂತೆ ಇನ್ನು ಮುಂದೆ ಕಂದಾಯ ನಗದಾಗಿಯೇ ಕೊಡಬೇಕು ಎಂದಾಯಿತು.

ಕೇಳಲಿಕ್ಕೆ ಸಣ್ಣ ಬದಲಾವಣೆ. ಗದ್ದೆ ಮಾಡುವವನಿಗೆ ಅದು ಸಣ್ಣದಲ್ಲ. ಭತ್ತ ಕೊಡುವಾಗ ಬೆಳೆ ಕಡಿಮೆಯಾದರೆ ಅದು ಎದುರಿಗೇ ಕಾಣುತ್ತದೆ, ಪೇಟೆಯ ಧಾರಣೆಯ ಚಿಂತೆ ಇಲ್ಲ. ರೊಕ್ಕ ಕೊಡಬೇಕಾದರೆ ಭತ್ತ ಮಾರಬೇಕು. ಕಿಸ್ತಿನ ದಿನಕ್ಕೆ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಧಾರಣೆ ಬೀಳುತ್ತದೆ. ಕೊಳ್ಳುವ ವ್ಯಾಪಾರಿ ಇರುವುದು ಹೊಳೆ ದಾಟಿ ಪೇಟೆಯಲ್ಲಿ. ಮಾರುವ ಮೊದಲೇ ಕಿಸ್ತು ಬಂದರೆ ಅದೇ ವ್ಯಾಪಾರಿಯಿಂದ ಸಾಲ ತರಬೇಕು. ಹೀಗೆ ಕಂದಾಯದ ಬಾಕಿ ಸಾಲದ ಬಾಕಿಯಾಗಿ ಮನೆಗೆ ಬರುತ್ತದೆ. ಅದಕ್ಕೂ ಮೊದಲೇ, 1830–31ರಲ್ಲಿ, ಬೆಳೆಯ ಧಾರಣೆ ಬಿದ್ದು ಕಂದಾಯ ಮಾತ್ರ ಹಾಗೇ ಉಳಿದಾಗ ಕೆನರಾದ ರೈತರು ಗುಂಪು ಸೇರಿ ಕಂದಾಯ ಕಟ್ಟುವುದಿಲ್ಲ ಎಂದಿದ್ದರು. ಆ ಕೂಟಗಳ ಹೆಸರಿನಿಂದಲೇ ಅದನ್ನು 'ಕೂಟ ದಂಗೆ' ಎಂದು ಕರೆಯುತ್ತಾರೆ.

1837ರಲ್ಲಿ ಸುಳ್ಯ ಎದ್ದಿತು. ಅರಸು ಮನೆತನವನ್ನು ಇಳಿಸಿದ ಸಿಟ್ಟೂ ಇತ್ತು, ರೊಕ್ಕದ ಕಂದಾಯದ ಸಿಟ್ಟೂ ಇತ್ತು. ಕಲ್ಯಾಣಸ್ವಾಮಿ ಎಂಬ ಹೆಸರನ್ನು ಮುಂದಿಟ್ಟುಕೊಂಡು ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮೊದಲಾದವರು ಜನ ಸೇರಿಸಿದರು. ಬೆಳ್ಳಾರೆಯ ಖಜಾನೆ ಅವರ ಕೈಗೆ ಬಂತು. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಾಗಿ ಏಪ್ರಿಲ್ 5ರಂದು ಮಂಗಳೂರು ಸೇರಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಬಳಿಕ ಕಂಪೆನಿಯ ಪಡೆ ಬಂತು, ಮುಖಂಡರಿಗೆ ನೇಣಾಯಿತು. ಅವರು ಬಾವುಟ ಹಾರಿಸಿದರೆನ್ನುವ ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಕುಳ್ಕುಂದ ಶಿವರಾಯ ಎಂಬ ಮೂಲ ಹೆಸರಿನ ನಿರಂಜನ ಇದೇ ದಂಗೆಯ ಮೇಲೆ 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು.

ಗಮನಿಸಿ, ದಂಗೆಕೋರರ ಕಣ್ಣು ಬಿದ್ದದ್ದು ಖಜಾನೆಯ ಮೇಲೆ. ಭತ್ತದ ರಾಶಿಗೆ ಊರಿನವರೇ ಸಾಕ್ಷಿ. ಬೀಗ ಹಾಕಿದ ಪೆಟ್ಟಿಗೆಯ ರೊಕ್ಕಕ್ಕೆ ಕಡತ ಮಾತ್ರ ಸಾಕ್ಷಿ.

ಕಡತದ ಮಾತುಗಳು

ಆ ಕಡತದ ಭಾಷೆ ಮೊದಲಿನಿಂದಲೂ ನಮ್ಮದಾಗಿರಲಿಲ್ಲ. ಜಮೆ, ಖರ್ಚು, ಬಾಕಿ, ವಸೂಲಿ, ಕಿಸ್ತು, ಜಪ್ತಿ, ಜಾಮೀನು, ಅಸಲು, ಕರಾರು ಇವೆಲ್ಲ ಅರಬ್ಬಿ, ಪಾರಸಿ ಮೂಲದವು. ಹೈದರ್, ಟಿಪ್ಪು ಕಾಲದ ಆಡಳಿತದಲ್ಲೂ ಇದ್ದವು, ಕಂಪೆನಿಯ ಕಚೇರಿಯಲ್ಲೂ ಉಳಿದವು. 'ಅಸಲು' ಎಂದರೆ ಬೇರು, 'ಬಾಕಿ' ಎಂದರೆ ಉಳಿದದ್ದು, 'ವಸೂಲಿ' ಎಂದರೆ ಬಂದು ತಲುಪುವುದು. ಇಷ್ಟು ವರ್ಷ ನಮ್ಮ ನಾಲಿಗೆಯಲ್ಲಿ ಆಡಿ ಇವು ಈಗ ನಮ್ಮವೇ ಆಗಿವೆ.

ಅವುಗಳ ಮೇಲೆ ಇಂಗ್ಲಿಷಿನ ಪದರ ಬಂತು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. 1872ರಲ್ಲಿ ಕರಾರು ಕಾಯಿದೆ, 1881ರಲ್ಲಿ ಪ್ರೋನೋಟು–ಚೆಕ್ಕುಗಳ ಕಾಯಿದೆ, 1882ರಲ್ಲಿ ಆಸ್ತಿ ವರ್ಗಾವಣೆ ಕಾಯಿದೆ. ಬಾಂಡು, ಡಿಕ್ರಿ, ನೋಟಿಸು, ಸಮನ್ಸು, ಪ್ರೋನೋಟು ಎಂಬ ಮಾತುಗಳು ಕೋರ್ಟಿನ ಮೆಟ್ಟಿಲಿಳಿದು ಹಳ್ಳಿಗೆ ಬಂದವು.

ಇವುಗಳಲ್ಲಿ 'ಮಾರ್ಟ್‌ಗೇಜ್' ಎಂಬ ಮಾತನ್ನು ಬಿಡಿಸಿ ನೋಡಬೇಕು. ನಾವು ಅಡವು, ಈಡು ಎನ್ನುತ್ತೇವೆ. ಇಂಗ್ಲಿಷಿನವರು ಹಳೆಯ ಫ್ರೆಂಚಿನಿಂದ ತಂದ ಈ ಪದಕ್ಕೆ ಅಕ್ಷರಶಃ 'ಸತ್ತ ಅಡವು' ಎಂದು ಅರ್ಥ. ಅವರ ಹಳೆಯ ವಕೀಲರು ಹೀಗೆ ವಿವರಿಸಿದ್ದರು: ಸಾಲ ಕಟ್ಟದಿದ್ದರೆ ಜಾಗ ಸಾಲಿಗನ ಪಾಲಿಗೆ ಸತ್ತಂತೆ, ಕಟ್ಟಿದರೆ ಕೊಟ್ಟವನ ಪಾಲಿಗೆ ಸತ್ತಂತೆ. ನಮ್ಮ ಭೋಗ್ಯದಲ್ಲಿ ಹಾಗಲ್ಲ, ಸಾಲ ಕೊಟ್ಟವನು ಜಾಗದ ಫಲವನ್ನು ಅನುಭವಿಸುತ್ತಾನೆ. ಆ ಫಲ ಬಡ್ಡಿಗೆ ಮಾತ್ರ ಹೋಗುತ್ತದೋ, ಅಸಲಿಗೂ ವಜಾ ಆಗುತ್ತದೋ ಎಂಬುದು ಪತ್ರದ ಒಂದು ಗೆರೆಯಲ್ಲಿರುತ್ತದೆ. ಬಡ್ಡಿಗೆ ಮಾತ್ರ ಎಂದಿದ್ದರೆ ಎಷ್ಟು ವರ್ಷ ಅವನು ತೆಂಗಿನಕಾಯಿ ಕೊಯ್ದರೂ ಅಸಲು ಬೇರಿನ ಹಾಗೆ ಅಲ್ಲೇ ಇರುತ್ತದೆ.

ಸಾಲದ ಭಾರ ಎಷ್ಟು ಬೆಳೆದಿತ್ತೆಂದರೆ ಮದ್ರಾಸಿನಲ್ಲಿ ರಾಜಾಜಿಯವರ ಸರಕಾರ 1938ರಲ್ಲಿ ರೈತರ ಸಾಲ ಪರಿಹಾರ ಕಾಯಿದೆ ತಂದಿತು. ಅದರಲ್ಲಿ ಒಂದು ನಿಯಮ ನೇರವಾಗಿತ್ತು: ಹಳೆಯ ಸಾಲಕ್ಕೆ ಅಸಲಿನ ಎರಡು ಪಟ್ಟು ಈಗಾಗಲೇ ಕಟ್ಟಿಯಾಗಿದ್ದರೆ ಸಾಲ ತೀರಿದಂತೆ. ಎಷ್ಟೋ ಮನೆಗಳಲ್ಲಿ ಆ ಲೆಕ್ಕ ತೋರಿಸಲು ಬೇಕಾದದ್ದು ರಶೀದಿ. 'ತಲುಪಿತು' ಎಂದು ಬರೆಸಿಕೊಂಡವನು ಉಳಿದ, ಬಾಯಿಮಾತಿನಲ್ಲಿ ಕೊಟ್ಟವನ ಲೆಕ್ಕ ಗಾಳಿಗೆ ಹೋಯಿತು.

ಅಡ್ವಾನ್ಸ್ ಎಂಬ ಹಗ್ಗ

ಜಾಗ ಇಲ್ಲದವರಿಗೆ ಅಡವಿಡಲು ಇದ್ದದ್ದು ಮೈ ಮಾತ್ರ. ಕೊಡಗು, ಮೈಸೂರಿನ ಕಾಫಿ ತೋಟಗಳಿಗೆ ನಮ್ಮ ಕೆಳಗಿನ ಸೀಮೆಯಿಂದ ವರ್ಷ ವರ್ಷವೂ ಕೆಲಸದವರು ಘಟ್ಟ ಹತ್ತುತ್ತಿದ್ದರು. ಹೊರಡುವ ಮೊದಲು ಕೈಗೆ ಮುಂಗಡ, ಅಂದರೆ ಅಡ್ವಾನ್ಸ್. ಅದು ಮದುವೆಗೋ, ಕಾಯಿಲೆಗೋ, ಹಳೆಯ ಸಾಲಕ್ಕೋ ಖರ್ಚಾಗುತ್ತಿತ್ತು. ಬಳಿಕ ತೋಟದಲ್ಲಿ ದುಡಿದು ಅದನ್ನು ತೀರಿಸಬೇಕು.

ಬ್ರಿಟಿಷರು 1859ರಲ್ಲಿ ತಂದ ಒಂದು ಕಾಯಿದೆಯ ಪ್ರಕಾರ ಮುಂಗಡ ತಕೊಂಡು ಕೆಲಸ ಬಿಟ್ಟು ಹೋದರೆ ಅದು ಅಪರಾಧ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು, ಜೈಲಿಗೂ ಹಾಕಬಹುದಿತ್ತು. ಉಳ್ಳವನು ಸಾಲ ಕಟ್ಟದಿದ್ದರೆ ಸಿವಿಲ್ ದಾವೆ, ಕೂಲಿಯವನು ಮುಂಗಡ ತೀರಿಸದಿದ್ದರೆ ಪೊಲೀಸು. ಈ ಕಾಯಿದೆಯನ್ನು ರದ್ದು ಮಾಡಿದ್ದು 1925ರಲ್ಲಿ.

ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ' ಓದಿದವರಿಗೆ, ಅಥವಾ ಸಿನೆಮಾ ನೋಡಿದವರಿಗೆ, ಚೋಮನ ಮನೆಯ ಮೇಲೆ ಕಾಫಿ ತೋಟದ ಸಾಲ ಹೇಗೆ ಕವಿದುಕೊಂಡಿತ್ತು ಎಂದು ನೆನಪಿರಬಹುದು. ಚೋಮನಿಗೆ ಬೇಕಾದದ್ದು ಬೇಸಾಯಕ್ಕೆ ತುಂಡು ಭೂಮಿ, ಅಂದರೆ ಗೇಣಿ ಕೊಡುವ ಹಕ್ಕು. ಅವನಿಗೆ ಸಿಕ್ಕಿದ್ದು ಸಾಲ ತೀರಿಸುವ ಹೊಣೆ ಮಾತ್ರ. ಜೀತವನ್ನು ದೇಶದಲ್ಲಿ ಕಾಯಿದೆಯಿಂದ ನಿಷೇಧಿಸಿದ್ದು 1976ರಲ್ಲಿ.

ಪುತ್ತೂರಿನ ಸೊಸೈಟಿ

ಸಾಲದ ಮಾತುಗಳಲ್ಲಿ ಜನರ ಬಾಯಲ್ಲಿ ಪ್ರೀತಿಯಿಂದ ಉಳಿದ ಇಂಗ್ಲಿಷ್ ಪದ ಒಂದಿದ್ದರೆ ಅದು 'ಸೊಸೈಟಿ'. ಲ್ಯಾಟಿನ್ನಿನಲ್ಲಿ ಅದರ ಬೇರು 'ಜೊತೆಗಾರ' ಎಂಬ ಪದ.

ಸಹಕಾರ ಸಾಲ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲೇ, ಅದು ಮಂಗಳೂರಿಗೆ ಹೋದದ್ದು ಆಮೇಲೆ. ಕೋರ್ಟಿನಲ್ಲಿ ಸಾಲದ ದಾವೆಗಳನ್ನು ದಿನವೂ ಕಾಣುವ ವಕೀಲರೊಬ್ಬರು ಸಾಲ ಕೊಡುವ ಬೇರೆ ದಾರಿಯನ್ನೇ ಹುಡುಕಿದರು ಎಂಬುದು ನಮ್ಮ ಊರಿನ ಹೆಮ್ಮೆ.

ಆ ಸಂಘಗಳ ಅಡಿಪಾಯ ಹೊಣೆ. ಹಳ್ಳಿಯ ಸಂಘಗಳಲ್ಲಿ ಸದಸ್ಯರೆಲ್ಲರೂ ಒಬ್ಬರಿಗೊಬ್ಬರು ಹೊಣೆಯಾಗಿದ್ದರು, ಒಬ್ಬ ಕಟ್ಟದಿದ್ದರೆ ಉಳಿದವರ ಮೇಲೆ ಬರುತ್ತಿತ್ತು. 'ಹೊಣೆ' ಎಂಬುದು ಜಾಮೀನಿಗೆ ಕನ್ನಡದ ಹಳೆಯ ಮಾತು. ಇಂದಿಗೂ ಸೊಸೈಟಿಯ ಪೂರ್ಣ ಹೆಸರಿನಲ್ಲಿ 'ಪತ್ತಿನ' ಎಂಬ ಪದವಿದೆ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಪತ್ತು ಎಂದರೆ ನಂಬಿ ಸಾಲ ಕೊಡಬಹುದೆಂಬ ಮರ್ಯಾದೆ. ಇಂಗ್ಲಿಷಿನ 'ಕ್ರೆಡಿಟ್' ಎಂಬ ಮಾತಿಗೂ 'ನಂಬುತ್ತಾನೆ' ಎಂದೇ ಮೂಲಾರ್ಥ. ಧಣಿ ಜಾಗ ನೋಡಿ ಸಾಲ ಕೊಟ್ಟ, ತೋಟದವನು ಮೈ ನೋಡಿ ಕೊಟ್ಟ, ಸೊಸೈಟಿ ನಂಬಿಕೆ ನೋಡಿ ಕೊಡಲು ಹೊರಟಿತು.

ಪಕ್ಕದ ಉಡುಪಿಯಿಂದ ಇನ್ನೊಂದು ಪದ ಬಂತು. ಅಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಮನೆಬಾಗಿಲಿಗೆ ಬಂದು ಪಡೆಯುವ ಠೇವಣಿ ಶುರು ಮಾಡಿ ಅದಕ್ಕೆ 'ಪಿಗ್ಮಿ' ಎಂದು ಹೆಸರಿಟ್ಟಿತು. ಕುಳ್ಳ, ಸಣ್ಣದು ಎಂಬ ಅರ್ಥದ ಇಂಗ್ಲಿಷ್ ಪದ ನಮ್ಮಲ್ಲಿ ಉಳಿತಾಯದ ಹೆಸರಾಯಿತು. ನಮ್ಮ ಹಳ್ಳಿಯ ಪಿಗ್ಮಿಯ ಅರ್ಥವನ್ನು ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ.

ಡಿಕ್ಲರೇಶನ್

ನಮ್ಮ ಮೂರು ತಾಲೂಕುಗಳಲ್ಲಿ ಒಂದು ಇಂಗ್ಲಿಷ್ ಪದ ಹೇಳಿದರೆ ಅಜ್ಜಂದಿರ ಮುಖದಲ್ಲಿ ಇಂದಿಗೂ ಬೆಳಕು ಕಾಣುತ್ತದೆ, ಕೆಲವರ ಮುಖದಲ್ಲಿ ನೋವೂ ಕಾಣುತ್ತದೆ. ಅದು 'ಡಿಕ್ಲರೇಶನ್'. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಂತೆ ಗೇಣಿ ಜಾಗ ಸರಕಾರಕ್ಕೆ ಸೇರಿತು. ಉಳುವವನು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟು ಹಕ್ಕು ಕೇಳಬೇಕಿತ್ತು. ಅದನ್ನೇ ಜನ 'ಡಿಕ್ಲರೇಶನ್ ಕೊಡುವುದು' ಎಂದರು.

ಮೂಲಾರ್ಥದಲ್ಲಿ ಅದು 'ಸ್ಪಷ್ಟವಾಗಿ ಹೇಳುವುದು'. ತಲೆತಲಾಂತರ ಧಣಿಯ ಮುಂದೆ ಹೆಗಲ ಬೈರಾಸು ಕೈಗೆ ತೆಗೆದು ನಿಂತವನಿಗೆ 'ಈ ಜಾಗ ಉಳುವುದು ನಾನು' ಎಂದು ಕಾಗದದಲ್ಲಿ ಸ್ಪಷ್ಟವಾಗಿ ಹೇಳುವುದು ಸುಲಭವಾಗಿರಲಿಲ್ಲ. ಧಣಿಯ ದಾಕ್ಷಿಣ್ಯಕ್ಕೆ, ಮನೆ ಋಣಕ್ಕೆ, ದೈವದ ಭಯಕ್ಕೆ ಕೊಡದೆ ಉಳಿದವರೂ ಇದ್ದರು. ಗೇಣಿಯನ್ನೇ ನಂಬಿ ಬದುಕಿದ್ದ ಸಣ್ಣ ಧಣಿಗಳ ಮನೆಗಳು ಬರಿದಾದದ್ದೂ ಇದೆ. ಆದರೆ ಕೊಟ್ಟವರ ಮನೆಯಲ್ಲಿ ಮುಡಿ ಅಕ್ಕಿ ಕಟ್ಟಿ ಧಣಿಯ ಅಂಗಳಕ್ಕೆ ಹೊರುವ ವಾಡಿಕೆ ನಿಂತಿತು. ಪಹಣಿಯಲ್ಲಿ ಹೆಸರು ಬಂತು. ಹೆಸರು ಬಂದದ್ದರಿಂದಲೇ ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಅಡಿಕೆ ತೋಟಕ್ಕೆ ಸಾಲ ಸಿಗುವಂತಾಯಿತು. ಒಂದು ಋಣ ಹರಿದಾಗ ಇನ್ನೊಂದು ಋಣ ಮಾಡುವ ಯೋಗ್ಯತೆ ಬಂತು ಎನ್ನಬೇಕು.

ಈಗಿನ ಮಾತು, ಈಗಿನ ಪೆಟ್ಟು

ಈಗ ನಮ್ಮ ಕಿವಿಗೆ ಬೀಳುವ ಮಾತುಗಳು ಇಎಂಐ, ಸಿಬಿಲ್, ಎನ್‌ಪಿಎ, ಒಟಿಎಸ್, ಫ್ಲಾಟ್ ರೇಟ್, ಪ್ರೊಸೆಸಿಂಗ್ ಫೀ. ಅಕ್ಷರಗಳ ಗಂಟು ಬಿಚ್ಚಿದವರು ಕಡಿಮೆ. ಸಂಪಾಜೆ, ಅರಂತೋಡು ಕಡೆ ಹಳದಿ ರೋಗಕ್ಕೆ ಅಡಿಕೆ ತೋಟ ಹೋದವರಿಗೆ ಈ ಮಾತುಗಳು ಫೋನಿನಲ್ಲೇ ಬರುತ್ತವೆ. ಅದಕ್ಕಾಗಿ ನಾಲ್ಕು ಪದಗಳನ್ನು ಇಲ್ಲಿ ಬಿಚ್ಚಿಡುತ್ತೇವೆ.

ಮೊದಲನೆಯದು 'ಶ್ಯೂರಿಟಿ'. ನೆಂಟರಿಗೋ ನೆರೆಯವರಿಗೋ 'ಬರೇ ಒಂದು ಸೈನು' ಹಾಕುವುದು ಎಂದು ನಾವು ಹೇಳುತ್ತೇವೆ. 1872ರ ಕರಾರು ಕಾಯಿದೆ ಹಾಗೆ ಹೇಳುವುದಿಲ್ಲ. ಪತ್ರದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಕ್ಷಿ ಸೈನು ಬೇರೆ, ಶ್ಯೂರಿಟಿ ಸೈನು ಬೇರೆ. ಹಳೆಯ 'ಹೊಣೆ' ಎಂಬ ಪದವನ್ನೇ ಬಳಸಿದ್ದರೆ ಈ ಗೊಂದಲ ಇರುತ್ತಿರಲಿಲ್ಲವೋ ಏನೋ.

ಎರಡನೆಯದು 'ಫ್ಲಾಟ್ ರೇಟ್'. 12,000 ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಫ್ಲಾಟ್, ಹನ್ನೆರಡು ತಿಂಗಳ ಕಂತು ಎಂದಿಟ್ಟುಕೊಳ್ಳಿ. ಬಡ್ಡಿ 1,440, ತಿಂಗಳ ಕಂತು 1,120 ರೂಪಾಯಿ. ಆದರೆ ನೀವು ತಿಂಗಳು ತಿಂಗಳು ಅಸಲು ಕಟ್ಟುತ್ತಾ ಬಂದಿದ್ದೀರಿ, ವರ್ಷಪೂರ್ತಿ 12,000 ನಿಮ್ಮ ಕೈಯಲ್ಲಿರಲಿಲ್ಲ. ಉಳಿದ ಅಸಲಿಗೆ ಮಾತ್ರ ಶೇ. 12 ಹಾಕಿದರೆ ಬಡ್ಡಿ ಸುಮಾರು 794 ರೂಪಾಯಿ ಮಾತ್ರ. ಅಂದರೆ ಶೇ. 12 ಫ್ಲಾಟ್ ಎಂಬುದು ನಿಜವಾಗಿ ಶೇ. 21ಕ್ಕಿಂತಲೂ ಮೇಲೆ. ಪ್ರೊಸೆಸಿಂಗ್ ಫೀ ಇದ್ದರೆ ಇನ್ನೂ ಹೆಚ್ಚು. ಭೋಗ್ಯದ ಪತ್ರದಲ್ಲಿ ಅಂದು ಇದ್ದ ಆ ಒಂದು ಗೆರೆ ಇಂದು ಈ ಒಂದು ಪದದಲ್ಲಿ ಕೂತಿದೆ.

ಮೂರನೆಯದು 'ಸೆಟಲ್‌ಮೆಂಟ್'. ಒಟಿಎಸ್ ಮಾಡಿ ಕಡಿಮೆ ಮೊತ್ತಕ್ಕೆ ಸಾಲ ಮುಗಿಸಿದರೆ ನಮ್ಮ ಲೆಕ್ಕದಲ್ಲಿ ಸಾಲ ತೀರಿತು. ಸಿಬಿಲ್ ದಾಖಲೆಯಲ್ಲಿ ಮಾತ್ರ 'ಪೂರ್ತಿ ಕಟ್ಟಿದೆ' ಎಂಬುದು ಬೇರೆ, 'ಸೆಟಲ್ ಆಗಿದೆ' ಎಂಬುದು ಬೇರೆ. ಎರಡನೆಯದು ಇದ್ದರೆ ಮುಂದೆ ಸಾಲ ಕೇಳುವಾಗ ಅಡ್ಡ ಬರಬಹುದು. ತೀರಿಸುವುದಕ್ಕೂ ಸಮಾಧಾನ ಮಾಡುವುದಕ್ಕೂ ಬ್ಯಾಂಕು ವ್ಯತ್ಯಾಸ ಇಟ್ಟುಕೊಂಡಿದೆ.

ನಾಲ್ಕನೆಯದು 'ಡ್ಯೂ ಡೇಟ್'. ಸೊಸೈಟಿಯ ಸೊನ್ನೆ ಬಡ್ಡಿಯ ಬೆಳೆಸಾಲ ಸೊನ್ನೆಯಾಗಿ ಉಳಿಯುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿದರೆ ಬಡ್ಡಿ ಬರುತ್ತದೆ.

ನಿಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ಇಷ್ಟೆಲ್ಲ ಚರಿತ್ರೆಯ ನಂತರ ಒಂದು ಒಳ್ಳೆಯ ಸುದ್ದಿ ಉಂಟು. ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಅದರಂತೆ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ವೈಯಕ್ತಿಕ ಬಗೆಯ ಮತ್ತು ಸಣ್ಣ ಉದ್ದಿಮೆಗಳ ಹೊಸ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪೆನಿಗಳೂ ಸಾಲದ ಮುಖ್ಯ ವಿವರಗಳ ಪತ್ರ ಕೊಡಬೇಕು. ಅದನ್ನು ಅವರು 'ಕೆಎಫ್‌ಎಸ್' ಎನ್ನುತ್ತಾರೆ. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು. ಬಡ್ಡಿ, ಫೀಸು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂದು ಬರೆದಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವ ಹಾಗಿಲ್ಲ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲಗಳಿಗೆ 2022ರಿಂದಲೇ ನಿಯಮವಿದೆ: ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರಬಾರದು. ಹಳ್ಳಿಯ ಕೃಷಿ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ, ಅವು ಸಹಕಾರ ಇಲಾಖೆಯ ಕೆಳಗೆ. ಆದರೆ ಅಲ್ಲಿ ನೀವು ಸದಸ್ಯರು. ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಿಮ್ಮದು.

ಸೈನು ಹಾಕುವ ಮೊದಲು ಮೂರು ಪ್ರಶ್ನೆ ಸಾಕು, ಅದೂ ನಮ್ಮದೇ ಮಾತಿನಲ್ಲಿ. ಕೈಗೆ ಬರುವುದು ಎಷ್ಟು? ಒಟ್ಟು ಕಟ್ಟಬೇಕಾದದ್ದು ಎಷ್ಟು? ಕಟ್ಟಲಾಗದಿದ್ದರೆ ಹೊಣೆ ಯಾರು? ಉತ್ತರ ಇಂಗ್ಲಿಷಿನಲ್ಲಿ ಬಂದರೆ ನಾಚಿಕೆ ಬೇಡ, ಇನ್ನೊಮ್ಮೆ ಕನ್ನಡದಲ್ಲಿ ಹೇಳಿಸಿ. ಬೇಕಿದ್ದರೆ ತುಳುವಿನಲ್ಲಿ ಹೇಳಿಸಿ. ಹೇಳಿದ್ದನ್ನು ಬರೆಸಿಕೊಳ್ಳಿ, ಕಟ್ಟಿದ್ದಕ್ಕೆ ರಶೀದಿ ತಕೊಳ್ಳಿ.

ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಗೇಣಿಚೀಟಿ, ಅಡವು ಪತ್ರ, ಡಿಕ್ಲರೇಶನ್ನಿನ ಕಾಗದ ಇದ್ದರೆ ಬಿಸಾಡಬೇಡಿ. ಅವುಗಳಲ್ಲಿರುವ ಒಂದೊಂದು ಪದಕ್ಕೂ ನಿಮ್ಮ ಮನೆಯವರು ಬೆಲೆ ತೆತ್ತಿದ್ದಾರೆ.